ನಮ್ಮ ಹೊಳೆಯ ಗೂನುಬೆನ್ನಿನ ಮೀನು



ಜಲಚರಗಳ ಈ ಪ್ರದರ್ಶನದಲ್ಲಿ ನೀವೆಲ್ಲ ಮೊದಲು ಮುಗಿಬೀಳುವುದು ಆಳಸಮುದ್ರದ ಮುಳ್ಳು ಶಾರ್ಕ್ ಚಿತ್ರದ ಮುಂದೆ, ಗೊತ್ತು. ಮೈಮೇಲೆಲ್ಲ ಮುಳ್ಳು, ಕತ್ತಲ ನೀರಿನ ವಾಸ. ನೋಡಿ, ಬೇಡವೆನ್ನುವುದಿಲ್ಲ. ಆದರೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮೀನು ನಮ್ಮದೇ ಕನಕಪುರ ತಾಲ್ಲೂಕಿನ ಸಂಗಮ, ಗಾಳಿಬೋರೆ ಕಡೆಯ ಕಾವೇರಿ ಮಡುಗಳದ್ದು: ಗೂನು ಮಹಶೀರ್.

ತಲೆಯ ಹಿಂದಿನಿಂದಲೇ ಬೆನ್ನು ಗುಡ್ಡದಂತೆ ಏರುತ್ತದೆ. ದಪ್ಪ ತುಟಿ, ದೊಡ್ಡ ದೊಡ್ಡ ಹುರುಪೆ, ಕಿತ್ತಳೆಗೆಂಪಿನ ರೆಕ್ಕೆ, ಬಾಲ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರ ಗಾಳಕ್ಕೆ ಬಿದ್ದದ್ದು 120 ಪೌಂಡ್ ತೂಗಿತು. ಹೆಚ್ಚುಕಡಿಮೆ 54 ಕಿಲೋ!

ಇಷ್ಟು ದೊಡ್ಡ ಮೀನನ್ನು ಬ್ರಿಟಿಷರ ಕಾಲದಿಂದ ಗಾಳದವರು ಹಾಡಿ ಹೊಗಳಿದರು. ಆದರೂ ಅದು ಯಾವ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಕಾವೇರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ 2007ರಲ್ಲೇ ಟಾರ್ ರೆಮಾದೇವಿ ಎಂಬ ಹೆಸರಿಟ್ಟಿದ್ದರು, ಮತ್ಸ್ಯವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ. ನಮ್ಮ ದೈತ್ಯನೂ ಅದೇ ಪ್ರಭೇದದವನೆಂದು ತಿಳಿದ ವರ್ಷವೇ ಅಳಿವಿನಂಚಿನ ಪಟ್ಟಿಗೂ ಸೇರಿದ.

ಅವನತಿಗೆ ಕಾರಣ ಸಿಡಿಮದ್ದು, ಅಣೆಕಟ್ಟು, ಮರಳು ಲೂಟಿ ಮಾತ್ರವಲ್ಲ. ಒಳ್ಳೆಯದು ಮಾಡುತ್ತೇವೆಂದು ಹೊರಟವರದ್ದೂ ಪಾಲಿದೆ. ಲೋನಾವಳಾದ ಮರಿಕೇಂದ್ರದಲ್ಲಿ ಬೆಳೆದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅದೂ ಮಹಶೀರೇ, ಆದರೆ ಈ ಹೊಳೆಯದಲ್ಲ. ಗಾಳಿಬೋರೆಯಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಗಾಳದವರ 1998ರಿಂದ 2012ರವರೆಗಿನ ಲೆಕ್ಕ ನೋಡಿದರೆ, ಬಂದವನು ಹೆಚ್ಚುತ್ತ ಹೋದ, ಮನೆಯವನು ಕಾಣದಾಗುತ್ತ ಬಂದ. ಮೀನು ಬಿಡುವುದೆಲ್ಲ ಪುಣ್ಯವಲ್ಲ ಸ್ವಾಮಿ.

ಇದು ಕನಕಪುರದವರ ಚಿಂತೆ ಮಾತ್ರ ಅಂದುಕೊಳ್ಳಬೇಡಿ. ಮಾಗಡಿಯ ಮಂಚನಬೆಲೆ ದಾಟಿ, ರಾಮನಗರ ಹಾದು ಬರುವ ಅರ್ಕಾವತಿ ಸೇರುವುದು ಈ ಮೀನಿನ ನೀರಿಗೇ. ಚನ್ನಪಟ್ಟಣದ ಕಣ್ವ ಶಿಂಷೆಯ ಮೂಲಕ ಅಲ್ಲಿಗೇ ಬರುತ್ತದೆ. ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಳಚೆಯೂ ಅಷ್ಟೆ.

ಹಾಗಾಗಿ ಒಂದು ವಿನಂತಿ. ಹೊಳೆಗೆ ಮರಿ ಬಿಡುವ ಸಮಾರಂಭಕ್ಕೆ ಯಾರಾದರೂ ಕರೆದರೆ, ಹಾರ ಹಾಕಿಸಿಕೊಳ್ಳುವ ಮೊದಲು ಅದು ಯಾವ ಮೀನು, ಯಾವ ಹೊಳೆಯದು ಎಂದು ಕೇಳಿ. ಮಡುವಿಗೆ ಸಿಡಿಮದ್ದು ಎಸೆಯುವವರು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಪ್ರದರ್ಶನ ತೆರೆದಿದೆ, ಮಕ್ಕಳು ಮೊದಲು ಒಳಗೆ ಹೋಗಲಿ, ದೊಡ್ಡವರು ದಾರಿ ಬಿಡಿ.