ರೊಟ್ಟಿ ಮ್ಯಾಲಿನ ಬೆಣ್ಣಿ
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತಾಡಿದವರು ಹಾಲಿನ ಲೆಕ್ಕ ಹೇಳಿದರು. ನಾನು ಹಾಲಿನ ಮೇಲಿನ ಕೆನೆಯ ವಿಷಯ ಹೇಳ್ತೀನಿ. ಅದಕ್ಕ ಕಾರಣ ಅದ. ಹೋದ ವಾರ ನನ್ನ ಮೊಮ್ಮಗ ಶಹಾಬಾದ ಪೇಟೆಯಿಂದ ಚೀಸ್ ಸ್ಪ್ರೆಡ್ ಅನ್ನೋ ಡಬ್ಬಿ ತರಿಸಿಕೊಂಡು ಬ್ರೆಡ್ಡಿಗೆ ಹಚ್ಚಿ ತಿಂದ. "ಮುತ್ಯಾ, ನಿಮ್ಮ ಕಾಲದಾಗ ಹಿಂಥಾದ್ದು ಇತ್ತೇನು?" ಅಂತ ಕೇಳಿದ. ನಾನೂ ರುಚಿ ನೋಡಿದೆ. ಸುಳ್ಳ್ಯಾಕ ಹೇಳಲಿ, ಚಲೋನೇ ಇತ್ತು. ಆದರೆ ಅದೇ ಹೊತ್ತಿಗೆ ಹಿತ್ತಲದಾಗ ನಮ್ಮ ಎರಡು ಎಮ್ಮಿ ಮೆಲುಕು ಹಾಕ್ತಿದ್ದವು!

ಹಾಲು ಒಡೆಸಿ ಗಟ್ಟಿ ಮಾಡುವುದು ಪರದೇಶದವರ ವಿದ್ಯೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ಮಗ್ಗುಲ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಕಾದ ಹಾಲಿಗೆ ಹುಳಿ ಹಾಕಿ ಒಡೆಸಿ, ಆ ಗಟ್ಟಿಗೆ ಅಕ್ಕಿಹಿಟ್ಟು ಕೂಡಿಸಿ ತುಪ್ಪದಲ್ಲಿ ಕರಿಯುವ ಪಾಕ ಇದೆ. ಅದು ಅರಮನೆ ಊಟ. ನಮ್ಮಂಥವರ ಮನ್ಯಾಗ ಹಾಲು ಒಡೆದರ ಅವ್ವನ ಮಾರಿ ಸಣ್ಣದಾಗ್ತಿತ್ತು. ನಮ್ಮದು ಬೆಣ್ಣಿ.

ನಮ್ಮ ಕಡಿ ಬ್ಯಾಸಗಿ ನಿಮಗ ಗೊತ್ತೇ ಅದ. ಬಿಸಲು ಏರಿದ ಮ್ಯಾಲ ಕಡಿದರ ಬೆಣ್ಣಿ ಕೂಡೋದಿಲ್ಲ, ಎಣ್ಣಿ ಆಗಿ ಹರದಾಡ್ತದ. ಅದಕ್ಕೇ ಅವ್ವ ನಸುಕಿನಾಗ ಎದ್ದು, ತಂಪು ಪರಸಿ ಕಲ್ಲಿನ ಮ್ಯಾಲ ಗಡಿಗಿ ಇಟ್ಟು ಕಡಗೋಲು ಎಳೀತಿದ್ದಳು. ನಡುವೆ ಒಂದು ಚರಗಿ ತಣ್ಣೀರು ಹಾಕುವಳು. ಸಪ್ಪಳ ಬದಲಾದ ಕೂಡಲೇ ನಮಗ ಎಚ್ಚರ! ಎಮ್ಮಿ ಬೆಣ್ಣಿ ಹತ್ತಿಯಂಗ ಬೆಳ್ಳಗ. ಆಕಳ ಬೆಣ್ಣಿಗೆ ಬಣ್ಣ ಕೊಡುವ ಹಳದಿ ಅಂಶ ಎಮ್ಮಿ ಹಾಲಿನಲ್ಲಿ ಇರುವುದಿಲ್ಲ. ಬಿಸಿ ಜೋಳದ ರೊಟ್ಟಿಗೆ ಬೆಣ್ಣಿ ಹಚ್ಚಿ, ಮ್ಯಾಲ ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಉದುರಿಸಿ ಕೊಡುವಳು. ಬೆಣ್ಣಿ ಕರಗಿ ಹಿಂಡಿ ನೆನೆದು, ಮೊಣಕೈ ತನಕ ಇಳೀತಿತ್ತು. ಕಲ್ಲಿನ ಖಣಿಗೆ ಹೋಗುವ ನಮ್ಮಪ್ಪನ ಬುತ್ತಿಯಲ್ಲೂ ಅದೇ.

ಆ ಮೇಲೆ ಸಂಘ ಬಂತು. ನಾನು ಸಂಘವನ್ನು ದೂರುತ್ತಿಲ್ಲ. ಹಾಲಿನ ಬಿಲ್ಲಿನಿಂದಲೇ ನನ್ನ ಎರಡನೇ ಮಗಳ ಕಾಲೇಜು ಫೀ ಕಟ್ಟಿದೆ, ಮನೆಗೆ ಪತ್ರಾಸು ಹಾಕಿಸಿದೆ. ಆದರೆ ಫ್ಯಾಟಿಗೆ ರೊಕ್ಕ ಅಂತ ಗೊತ್ತಾದ ಮೇಲೆ ನಾವು ಕ್ಯಾನಿಗೆ ಹಾಕಿದ್ದೇ ಹಾಕಿದ್ದು. ಚಹಾಕ್ಕ ಪಾಕೀಟು ಹಾಲು ತರುವ ಎಮ್ಮಿ ಮಾಲಕರು ಈ ಸಭಾದಾಗ ಎಷ್ಟು ಮಂದಿ ಇದ್ದೀರಿ? ಕೈ ಎತ್ತಬ್ಯಾಡ್ರಿ, ನಾನೂ ಒಬ್ಬ. ಹೋದ ವರ್ಷ ನನ್ನ ಸೊಸಿ ಬಸಿರಿದ್ದಾಗ ರಕ್ತ ಕಡಿಮಿ ಅದ, ಊಟಾನೂ ಸಾಲೋದಿಲ್ಲ ಅಂದರು ಡಾಕ್ಟರಮ್ಮ. ದಿನಾ ಎಂಟು ಲೀಟರ್ ಹಾಲು ಹಾಕುವ ಮನಿ ನಮ್ಮದು, ಆಕಿ ತಾಟಿನಾಗ ಮಜ್ಜಿಗಿ ಸೈತ ಇರಲಿಲ್ಲ. ಆಗ ನನಗ ನಾಚಿಕಿ ಆಯಿತು.

ಒಂದು ಲೆಕ್ಕ ಕೇಳ್ರಿ. ದಿನಕ್ಕ ಅರ್ಧ ಲೀಟರ್ ಎಮ್ಮಿ ಹಾಲು ಮನ್ಯಾಗ ಹೆಪ್ಪು ಹಾಕಿದರ, ಎಂಟು ದಿನಕ್ಕ ಹತ್ತಿರ ಹತ್ತಿರ ಪಾವ ಕಿಲೊ ಬೆಣ್ಣಿ ಬರ್ತದ. ಮಜ್ಜಿಗಿ ಬ್ಯಾರೆ. ಇಷ್ಟರಿಂದ ಸಂಘ ಬಡವಾಗೋದಿಲ್ಲ.

ಅಟ್ಟದ ಮ್ಯಾಲಿನ ಕಡಗೋಲು ನಾನು ಇಳಿಸೀನಿ. ಹಗ್ಗ ಇಲಿ ಕಡದಾವ, ಹೊಸದು ತರಬೇಕು. ಮೊಮ್ಮಗ ತಾನೇ ಎಳೀತೀನಿ ಅಂತ ಕುಂತಾನ; ಡಬ್ಬಿ ಇನ್ನೂ ಅರ್ಧ ಉಳದದ.