ಮೇಜಿನಿಂದ ಮಣಿಕಟ್ಟಿಗೆ

ಸಂಸ್ಥೆಯೊಂದರ ಹೆಸರಿನಿಂದ ಒಂದು ಪದ ಕಳಚಿಬಿದ್ದರೆ ಅದನ್ನು ವ್ಯಾಪಾರಿಗಳಿಗಿಂತ ಮೊದಲು ಗಮನಿಸುವವರು ನಮ್ಮಂಥ ಮಾತಿನ ಮೇಷ್ಟರುಗಳೇ ಇರಬೇಕು. 1976ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯದಲ್ಲಿ ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್, ರೊನಾಲ್ಡ್ ವೇನ್ ಎಂಬ ಮೂವರು ಸ್ಥಾಪಿಸಿದ ಸಂಸ್ಥೆಯ ಹೆಸರು ಆಪಲ್ ಕಂಪ್ಯೂಟರ್. 2007ರ ಜನವರಿ 9ರಂದು ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದರು; ಅದೇ ವೇದಿಕೆಯ ಮೇಲೆ, ತಮ್ಮ ಸಂಸ್ಥೆ ಇನ್ನು ಬರಿಯ ಆಪಲ್ ಎಂದೂ ಸಾರಿದರು. ವಿಶೇಷಣ ಉಳಿದು ವಿಶೇಷ್ಯ ಹೋಯಿತೆಂದು ವೈಯಾಕರಣರು ಹೇಳಬಹುದು.

ಇದು ಅಕ್ಷರಲೋಪವಷ್ಟೇ ಅಲ್ಲವೆಂಬುದು ಮೂರೇ ತಿಂಗಳಲ್ಲಿ ತಿಳಿಯಿತು. ಜೂನ್ ತಿಂಗಳಿಗೆ ಬರಬೇಕಿದ್ದ ಲೆಪರ್ಡ್ ಎಂಬ ಆಪರೇಟಿಂಗ್ ಸಿಸ್ಟಂ ಅಕ್ಟೋಬರಿಗೆ ಹೋಯಿತು. ಸಂಸ್ಥೆ ಕೊಟ್ಟ ಕಾರಣದಲ್ಲಿ ಮುಚ್ಚುಮರೆಯಿರಲಿಲ್ಲ: ಮ್ಯಾಕ್ ತಂಡದ ಎಂಜಿನಿಯರುಗಳನ್ನು ಐಫೋನ್ ಕೆಲಸಕ್ಕೆ ಎರವಲು ಪಡೆಯಬೇಕಾಯಿತು. ಹಣವೆಷ್ಟೇ ಇದ್ದರೂ ನುರಿತ ಕೈಗಳು ಎಣಿಕೆಯವು. ಎಳೆಗೂಸು ಬಂದ ಮನೆಯಲ್ಲಿ ಹಿರಿಯ ಮಗು ಕಾಯಬೇಕಾಗಿ ಬಂದದ್ದು ಹೀಗೆ.

ಎಲ್ಲರಿಗಿಂತ ಹೆಚ್ಚು ಕಾದವರು, ಕೇಳುಗರೇ, ಆ ಯಂತ್ರದಿಂದಲೇ ಅನ್ನ ಸಂಪಾದಿಸುವವರು. 2013ರ ಡಿಸೆಂಬರಿನಲ್ಲಿ ಬಂದ ಮ್ಯಾಕ್ ಪ್ರೊ ಚಲನಚಿತ್ರ ಸಂಕಲನಕಾರರು, ಸಂಗೀತ ಸಂಯೋಜಕರು ಮೊದಲಾದವರಿಗೆಂದು ಮಾಡಿದ್ದು. ಕಪ್ಪಾಗಿ ಹೊಳೆಯುವ ದುಂಡನೆಯ ಕಂಬ, ನೋಡಲು ಸೊಗಸು. ಆದರೆ ಶಾಖವನ್ನು ಹೊರಹಾಕುವ ಏರ್ಪಾಡನ್ನು ಎರಡು ಗ್ರಾಫಿಕ್ಸ್ ಚಿಪ್‌ಗಳಿಗೆಂದೇ ಅಳೆದು ಹೊಂದಿಸಿದ್ದರಿಂದ, ಹೆಚ್ಚು ಬಲದ ಒಂದನ್ನೇ ಕೂಡಿಸಲು ಎಡೆಯಿರಲಿಲ್ಲ. ವರ್ಷಗಳು ಕಳೆದವು. ಈ ನಡುವೆ 2015ರಲ್ಲಿ ಆಪಲ್ ಕೈಗಡಿಯಾರ ಬಂದಿತು, 2016ರಲ್ಲಿ ಕಿವಿಯ ಏರ್‌ಪಾಡ್ ಬಂದಿತು. 2017ರ ಏಪ್ರಿಲಿನಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿಗಳು ಕೆಲವೇ ಪತ್ರಕರ್ತರನ್ನು ಕರೆದು, ಶಾಖದ ಲೆಕ್ಕದಲ್ಲಿ ತಮ್ಮ ವಿನ್ಯಾಸವೇ ತಮಗೆ ತೊಡಕಾಯಿತೆಂದು ಒಪ್ಪಿಕೊಂಡರು. ಹೊಸ ಯಂತ್ರ ಬಂದದ್ದು 2019ರ ಡಿಸೆಂಬರಿನಲ್ಲಿ. ಆರು ವರ್ಷ! ಕುಶಲಕರ್ಮಿಯೊಬ್ಬನ ದುಡಿಮೆಯ ಕಾಲದಲ್ಲಿ ಅದು ಅಲ್ಪವೇನಲ್ಲ.

ಲೆಕ್ಕದ ಪುಸ್ತಕ ಬೇರೆಯೇ ಮಾತಾಡುತ್ತದೆ. 2020ರ ಸೆಪ್ಟೆಂಬರಿಗೆ ಮುಗಿದ ವರ್ಷದಲ್ಲಿ ಐಫೋನ್ ಮಾರಾಟ ಸುಮಾರು 13,780 ಕೋಟಿ ಡಾಲರ್. ಮ್ಯಾಕ್‌ನದು 2,860 ಕೋಟಿ. ಧರಿಸುವ ಮತ್ತು ಮನೆಬಳಕೆಯ ಸಾಧನಗಳು, ಬಿಡಿ ಸಾಮಗ್ರಿಗಳೆಲ್ಲ ಸೇರಿ 3,060 ಕೋಟಿ ತಂದು ಮ್ಯಾಕನ್ನು ಹಿಂದಿಕ್ಕಿದವು. ಮಣಿಕಟ್ಟಿನ ಸಾಧನ ಸಂಕಲನಕಾರನ ನಾಡಿಯನ್ನು ಎಣಿಸೀತು; ಅದರಿಂದ ಚಿತ್ರವನ್ನು ಸಂಕಲಿಸಲಾಗದು. ಈ ವ್ಯತ್ಯಾಸಕ್ಕೆ ಲೆಕ್ಕದಲ್ಲಿ ಅಂಕಣವಿಲ್ಲ.

ಹಾಗೆಂದು ಇದನ್ನು ಬರಿಯ ತಾತ್ಸಾರದ ಕಥೆಯೆಂದರೆ ಅನ್ಯಾಯವಾದೀತು. ಫೋನಿಗಾಗಿ ವರ್ಷಗಟ್ಟಲೆ ಬೆಳೆಸಿದ ಚಿಪ್ ವಿದ್ಯೆಯೇ 2020ರ ನವೆಂಬರಿನಲ್ಲಿ ಎಂ1 ಎಂಬ ಹೆಸರಿನಿಂದ ಮ್ಯಾಕ್‌ಗೆ ಇಳಿಯಿತು. ವಿದ್ಯುತ್ತಿನ ಖರ್ಚು ತಗ್ಗಿತು, ವೇಗ ಹೆಚ್ಚಿತು, ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಬೇಡವಾಯಿತು. ಕಿರಿಯನ ಗಳಿಕೆ ಹಿರಿಯನಿಗೂ ಒದಗಿತು.

2024ರ ಫೆಬ್ರವರಿಯಲ್ಲಿ ಕಣ್ಣಿಗೆ ಕಟ್ಟಿಕೊಳ್ಳುವ ವಿಷನ್ ಪ್ರೊ ಬಂದಿತು. ಆರಂಭದ ಬೆಲೆ 3,499 ಡಾಲರ್. ಅದನ್ನು ಕಟ್ಟಿಕೊಂಡವರು ಮಾಡಬಹುದಾದ ಕೆಲಸಗಳಲ್ಲೊಂದು, ಮೇಜಿನ ಮೇಲಿರುವ ಮ್ಯಾಕ್‌ನ ತೆರೆಯನ್ನು ಕಣ್ಣೆದುರಿಗೆ ದೊಡ್ಡದಾಗಿ ತಂದುಕೊಳ್ಳುವುದು.