ಮೇಲಿಂದ ನೋಡುವ ಕಣ್ಣಿಗೂ ಕಾನೂನಿದೆ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಲ, ಉಳಿತಾಯದ ವಿಷಯ ಇವತ್ತು ಸ್ವಲ್ಪ ಪಕ್ಕಕ್ಕಿಡೋಣ. ಕೆ.ಆರ್. ಪುರಂ ಕಡೆಯ ಒಂದು ಸಂಘದಲ್ಲಿ ಕೇಳಿದ ಸಂಗತಿ ನಮ್ಮ ಮನಸ್ಸಿನಿಂದ ಹೋಗುತ್ತಿಲ್ಲ. ಅಲ್ಲಿ ಕೆಲವು ಮನೆಗಳ ಬಚ್ಚಲು ಹಿತ್ತಲಲ್ಲಿದೆ. ಸುತ್ತ ಶೀಟು, ಮೇಲೆ ಬರೀ ಆಕಾಶ. ಒಂದು ಸಂಜೆ ಡ್ರೋನ್ ಬಂದು ಬಚ್ಚಲ ಮೇಲೇ ನಿಂತಿತಂತೆ. ಒಳಗಿದ್ದ ಹುಡುಗಿ ಕಿರುಚಿಕೊಂಡಳು. ಅವತ್ತಿನಿಂದ ಅವಳು ಬೆಳಗಿನ ಜಾವ ಕತ್ತಲಲ್ಲೇ ಎದ್ದು ಸ್ನಾನ ಮುಗಿಸುತ್ತಾಳೆ. ಮನೆಯವರು ಹೇಳಿದ್ದೇನು? "ಸುಮ್ನಿರು, ಮರ್ಯಾದೆ ಹೋಗುತ್ತೆ." ಹಾರಿಸಿದವನ ಮರ್ಯಾದೆ ಬಗ್ಗೆ ಯಾರೂ ಕೇಳಲಿಲ್ಲ ನೋಡಿ!

ಸೂರಿಲ್ಲದ ಬಚ್ಚಲೂ ಬಚ್ಚಲೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೀಗನ್ನುತ್ತದೆ: ಯಾರೂ ನೋಡಲ್ಲ ಅಂತ ನಂಬಿದ ಜಾಗದಲ್ಲಿ ಹೆಣ್ಣುಮಗಳು ಬಟ್ಟೆಯಿಲ್ಲದೆ ಇರುವಾಗ, ಶೌಚಕ್ಕೆ ಕೂತಾಗ, ಅವಳನ್ನು ನೋಡುವುದೂ ಅಪರಾಧ, ಚಿತ್ರ ತೆಗೆಯುವುದೂ ಅಪರಾಧ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು, ಮೇಲೆ ದಂಡ. ಕಿಟಕಿಯಿಂದ ಇಣುಕಿದರೂ ಅಷ್ಟೇ, ಡ್ರೋನ್ ಕಳಿಸಿದರೂ ಅಷ್ಟೇ. ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ಫೋಟೋ ತೆಗೆದರೆ ಈ ಕಲಂ ಹತ್ತುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ ಅವಮಾನ ಮಾಡುವ ಉದ್ದೇಶದಿಂದ ಹೆಣ್ಣಿನ ಖಾಸಗಿತನದೊಳಗೆ ನುಗ್ಗಿದರೆ 79ನೇ ಕಲಂ ಇದೆ.

ಡ್ರೋನ್‌ಗೆಂದೇ 2021ರ ನಿಯಮಗಳಿವೆ. ನೋಂದಣಿ ಸಂಖ್ಯೆ, ಕೆಂಪು ವಲಯ, ಹಳದಿ ವಲಯ ಎಲ್ಲಾ ಅದರಲ್ಲಿದೆ. ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲೇ ಇರುವುದರಿಂದ ಇಂದಿರಾನಗರ, ಹಲಸೂರು ಕಡೆ ಮನಸ್ಸಿಗೆ ಬಂದ ಹಾಗೆ ಹಾರಿಸುವಂತಿಲ್ಲ. ಆದರೂ ಆ ನಿಯಮಗಳಿಗೆ ವಿಮಾನದ ಚಿಂತೆ ಜಾಸ್ತಿ, ನಮ್ಮ ಬಚ್ಚಲಿನ ಚಿಂತೆ ಕಡಿಮೆ.

"ಸಿಸ್ಟರ್, ಪೊಲೀಸರೇ ಹಾರಿಸಿದರೆ?" ಅಂತ ಶಿವಾಜಿನಗರದ ಅಕ್ಕ ಒಬ್ಬರು ಕೇಳಿದರು. ಹೊಸ ವರ್ಷದ ರಾತ್ರಿ ಎಂ.ಜಿ. ರಸ್ತೆಯ ಜನಸಂದಣಿ ನೋಡಿಕೊಳ್ಳಲು ಹಾರಿಸಿದರೆ ನಾವು ಬೇಡ ಅನ್ನಲ್ಲ. ಆದರೆ ಸರ್ಕಾರಕ್ಕೂ ಮಿತಿ ಇದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಅದರಲ್ಲಿ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ಸರಿಯಾದ ಕಾರಣ ಬೇಕು, ಅಗತ್ಯಕ್ಕಿಂತ ಹೆಚ್ಚು ನುಗ್ಗಬಾರದು. ನಾವು ಸಂಘದಲ್ಲಿ ಸಾಲ ಕೊಡುವಾಗ ಮಾಡುವುದೂ ಇದನ್ನೇ ತಾನೆ? ಠರಾವು ಇದೆಯಾ, ಕಾರಣ ಏನು, ಎಷ್ಟು ಬೇಕು?

ಡ್ರೋನ್ ಕಂಡರೆ ಕಲ್ಲು ಬೀರಬೇಡಿ, ಅದು ಪಕ್ಕದ ಮನೆ ಗಾಜಿಗೇ ಬೀಳೋದು. ದಿನ, ಹೊತ್ತು ಬರೆದಿಡಿ, ಯಾವ ಮನೆ ಕಡೆಗೆ ವಾಪಸ್ ಹೋಯಿತು ನೋಡಿ, ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ, 112ಕ್ಕೆ ಫೋನ್ ಮಾಡಿ. ಈ ಕಲಂಗಳಡಿ ಹೆಣ್ಣುಮಗಳು ಕೊಡುವ ದೂರನ್ನು ಮಹಿಳಾ ಪೊಲೀಸ್ ಅಥವಾ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. "ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ" ಅಂದರೆ ಒಪ್ಪಬೇಡಿ. ತೆಗೆದುಕೊಳ್ಳಲೇ ಇಲ್ಲವೆಂದರೆ ಡಿಸಿಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು.

ಆ ಹುಡುಗಿಯ ತಾಯಿ ಬಚ್ಚಲಿಗೆ ಸೂರು ಹಾಕಿಸಲು ಸಂಘದಲ್ಲಿ ಸಾಲ ಕೇಳಿದ್ದಾರೆ. ಖಂಡಿತ ಕೊಡಿ. ಆದರೆ ದೂರು ಕೊಡುವುದನ್ನು ಅದರ ಜೊತೆ ಮುಚ್ಚಿಹಾಕಬೇಡಿ. ಅವಳನ್ನು ಒಬ್ಬಳೇ ಠಾಣೆಗೆ ಕಳಿಸದೆ ನಾಲ್ಕು ಜನ ಜೊತೆಗೆ ಹೋಗಿ. ಬರೆಯಲು ಕಷ್ಟ ಆದರೆ ನಮ್ಮ ಕಚೇರಿಗೆ ಬನ್ನಿ, ಕೂತು ಬರೆಯೋಣ.